ಡೈವಿಂಗ್ ಶಾಪ್ ಆರಿಸುವಾಗ ಏನೇನು ನೋಡಬೇಕು?

ಪ್ರಶ್ನೆ (ಕುಂಬಳೆಯಿಂದ): ನಮಸ್ಕಾರ ಸರ್. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸ್ಕೂಬಾ ಕಲಿತು ಓಪನ್ ವಾಟರ್ ಸರ್ಟಿಫಿಕೇಟ್ ಮಾಡಿಕೊಳ್ಳಬೇಕೆಂದು ಹೊರಟಿದ್ದಾನೆ. ಒಂದು ಶಾಪಿನವರು ಎಲ್ಲ ಸೇರಿ ಎರಡು ದಿನ ಸಾಕು ಎನ್ನುತ್ತಾರೆ. ಇನ್ನೊಬ್ಬರು ನಾಲ್ಕು ದಿನ ಬೇಕು ಎನ್ನುತ್ತಾರೆ, ಹಣವೂ ಹೆಚ್ಚು. ಫೋಟೋ ನೋಡಿದರೆ ಎರಡೂ ಚಂದವೇ. ಯಾರನ್ನು ನಂಬುವುದು?

ಉತ್ತರ (ಡೈವಿಂಗ್ ಇನ್‌ಸ್ಟ್ರಕ್ಟರ್): ಅಕ್ಕಾ, ದಿನದ ಲೆಕ್ಕದಲ್ಲೇ ಅರ್ಧ ಉತ್ತರ ಇದೆ. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಪಾಡಿ (PADI) ಸಂಸ್ಥೆಯ ಓಪನ್ ವಾಟರ್ ಕೋರ್ಸ್ ಎಂದರೆ ಥಿಯರಿ, ಈಜುಕೊಳದಲ್ಲಿ 5 ಪಾಠ, ಆಮೇಲೆ ಸಮುದ್ರದಲ್ಲಿ 4 ಡೈವ್. ಒಂದೇ ದಿನ 3ಕ್ಕಿಂತ ಹೆಚ್ಚು ಡೈವ್ ಮಾಡಿಸುವಂತಿಲ್ಲ, ಹಾಗಾಗಿ ಸಮುದ್ರಕ್ಕೇ 2 ದಿನ ಹೋಯಿತು. ಥಿಯರಿಯನ್ನು ರೂಮಿನಲ್ಲಿ ಕೂತು ಆನ್‌ಲೈನಿನಲ್ಲಿ ಮುಗಿಸಿದರೂ ಈಜುಕೊಳದ ಪಾಠ ಬಾಕಿ ಇರುತ್ತದೆ. ಎರಡೇ ದಿನ ಎನ್ನುವವರು ಅದನ್ನು ಹಾರಿಸುತ್ತಿರಬೇಕು, ಇಲ್ಲವೇ ಡಿಸ್ಕವರ್ ಸ್ಕೂಬಾವನ್ನೇ ಕೋರ್ಸ್ ಎಂದು ಹೇಳುತ್ತಿರಬೇಕು. ಡಿಸ್ಕವರ್ ಎಂದರೆ ಇನ್‌ಸ್ಟ್ರಕ್ಟರ್ ಜೊತೆಗಿದ್ದು 12 ಮೀಟರ್ ಒಳಗೆ ಸಮುದ್ರ ತೋರಿಸಿ ತರುವುದು. 18 ಮೀಟರ್‌ವರೆಗೆ ಹೋಗುವ ಸರ್ಟಿಫಿಕೇಟ್ ಅದರಿಂದ ಬರುವುದಿಲ್ಲ.

ಕಲಿಸುವವರ ಇನ್‌ಸ್ಟ್ರಕ್ಟರ್ ನಂಬರ್ ಕೇಳಿ. ಪಾಡಿಯ ವೆಬ್‌ಸೈಟಿನ ಪ್ರೊ ಚೆಕ್‌ನಲ್ಲಿ ಹಾಕಿದರೆ ಈಗ ಕಲಿಸುವ ಅರ್ಹತೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಒಬ್ಬರ ಹತ್ತಿರ ಎಷ್ಟು ವಿದ್ಯಾರ್ಥಿಗಳು ಎಂದೂ ಕೇಳಿ. ನಿಯಮದಲ್ಲಿ 8 ಜನರವರೆಗೆ ಅವಕಾಶ ಇದೆ. ಆದರೆ ನಮ್ಮ ಪಶ್ಚಿಮ ಕರಾವಳಿಯ ನೀರು ಕೆಲವು ದಿನ ಮಸುಕಾಗಿರುತ್ತದೆ, 4 ಜನರಿಗಿಂತ ಹೆಚ್ಚಿದ್ದರೆ ಹಿಂದಿನವನು ಕಣ್ಣಿಗೇ ಬೀಳುವುದಿಲ್ಲ. ಹಣ ಪಡೆಯುವ ಮೊದಲು ಆರೋಗ್ಯದ ಫಾರ್ಮ್ ಕೊಡದ ಶಾಪನ್ನು ಅಲ್ಲಿಗೇ ಬಿಡಿ. ಆಸ್ತಮಾ, ಹೃದಯದ ತೊಂದರೆ, ಇತ್ತೀಚಿನ ಆಪರೇಷನ್ ಇದ್ದರೆ ಡಾಕ್ಟರ ಸಹಿ ಬೇಕೇಬೇಕು.

ಪ್ರಶ್ನೆ (ಕುಂಬಳೆಯಿಂದ): ಶಾಪಿಗೆ ಹೋದಾಗ ಅವನು ಕಣ್ಣಾರೆ ನೋಡಬೇಕಾದ್ದು ಏನು?

ಉತ್ತರ: ಗಾಳಿ ಮತ್ತು ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಬಾಯಿಗೆ ತಲುಪಿಸುವ ಸಾಧನ. ಬೆಂಗಳೂರಿನಲ್ಲಿ ಸಮುದ್ರ ಇಲ್ಲವಲ್ಲ, ಅಲ್ಲಿನ ಶಾಪಿನವರು ಈಜುಕೊಳದಲ್ಲಿ ಕಲಿಸಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೋ ಪುದುಚೇರಿಗೋ ಕರೆದೊಯ್ಯುತ್ತಾರೆ. ಸಮುದ್ರಕ್ಕೆ ಸಿಲಿಂಡರ್ ತುಂಬುವವರು ಬೇರೆಯೇ ಆಗಿರಬಹುದು. "ಗಾಳಿ ಯಾರು ತುಂಬುತ್ತಾರೆ, ಕಂಪ್ರೆಸರ್ ಎಲ್ಲಿದೆ, ಗಾಳಿಯ ಟೆಸ್ಟ್ ರಿಪೋರ್ಟ್ ಇದೆಯೇ" ಎಂದು ನೇರವಾಗಿ ಕೇಳಲಿ.

ಕಂಪ್ರೆಸರ್ ಗಾಳಿ ಎಳೆಯುವ ಪೈಪಿನ ಬಾಯಿ ಜನರೇಟರಿನ ಹೊಗೆ ಕೊಳವೆಯ ಹತ್ತಿರ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರಿಗೆ ಸೇರುತ್ತದೆ. ಅದಕ್ಕೆ ವಾಸನೆ ಇಲ್ಲ. ಮೇಲೆ ತಡೆದುಕೊಳ್ಳಬಹುದಾದ ಪ್ರಮಾಣವೂ 18 ಮೀಟರ್ ಆಳದಲ್ಲಿ 2.8 ಪಟ್ಟು ಒತ್ತಡದಲ್ಲಿ ದೇಹ ಸೇರುತ್ತದೆ. ತಲೆನೋವು, ವಾಕರಿಕೆ, ಕೊನೆಗೆ ನೀರಿನಡಿಯಲ್ಲೇ ಪ್ರಜ್ಞೆ ತಪ್ಪಬಹುದು. ವಾಲ್ವ್ ಸ್ವಲ್ಪ ತೆರೆದು ಬಿಳಿ ಬಟ್ಟೆಗೆ ಗಾಳಿ ಬಿಟ್ಟು ಮೂಸಿ ನೋಡಿ. ಎಣ್ಣೆ ಕಮಟು ಬಂದರೆ ಆ ಸಿಲಿಂಡರ್ ಬೇಡ. ವಾಸನೆ ಬರಲಿಲ್ಲ ಎಂದರೆ ಶುದ್ಧ ಎಂದಲ್ಲ, ಅದಕ್ಕೇ ರಿಪೋರ್ಟ್ ಕೇಳುವುದು.

ಸಿಲಿಂಡರಿನ ಹೆಗಲಲ್ಲಿ ಹೈಡ್ರೋ ಟೆಸ್ಟಿನ (ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆಯ) ತಿಂಗಳು, ವರ್ಷ ಕೊರೆದಿರುತ್ತದೆ. 5 ವರ್ಷ ದಾಟಿದ್ದು ಬೇಡ.

ರೆಗ್ಯುಲೇಟರನ್ನು ಸಿಲಿಂಡರಿನಿಂದ ಬಿಚ್ಚಿದಾಗ ಫಸ್ಟ್ ಸ್ಟೇಜಿನ (ಸಿಲಿಂಡರಿಗೆ ಕೂರುವ ಭಾಗದ) ಬಾಯಲ್ಲಿ ಉಗುರಿನಷ್ಟು ಸಣ್ಣ ಲೋಹದ ಫಿಲ್ಟರ್ ಕಾಣುತ್ತದೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಹಸಿರು ಕಿಲುಬು ಹಿಡಿದಿದ್ದರೆ ಉಪ್ಪುನೀರು ಒಳಹೊಕ್ಕಿದೆ. ಕೆಂಪು ಪುಡಿ ಇದ್ದರೆ ಯಾವುದೋ ಸ್ಟೀಲ್ ಸಿಲಿಂಡರಿನ ಒಳಗೆ ತುಕ್ಕು ಹಿಡಿದಿದೆ. ಕಪ್ಪಾಗಿದ್ದರೆ ಕಂಪ್ರೆಸರಿನ ಇದ್ದಿಲ ಫಿಲ್ಟರಿನ ಪುಡಿ ಇಲ್ಲಿವರೆಗೆ ಬಂದಿದೆ. ತಿಕ್ಕಿ ತೊಳೆದ ಶಾಪಿನ ನೆಲಕ್ಕಿಂತ ಈ ಚೂರು ಹೆಚ್ಚು ನಿಜ ಹೇಳುತ್ತದೆ.

ಆಮೇಲೆ ರೆಗ್ಯುಲೇಟರ್ ಜೋಡಿಸಿ ವಾಲ್ವ್ ಪೂರ್ತಿ ತೆರೆದು, ಗೇಜ್ ಮೇಲೆ ಕಣ್ಣಿಟ್ಟು ನಾಲ್ಕು ಸಲ ಜೋರಾಗಿ ಉಸಿರೆಳೆಯಲಿ. ತುಂಬಿದ ಸಿಲಿಂಡರ್ ಸುಮಾರು 200 ಬಾರ್ ತೋರಿಸಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ವಾಲ್ವ್ ಅರ್ಧ ತೆರೆದಿದೆ ಅಥವಾ ಆ ಫಿಲ್ಟರ್ ಕಟ್ಟಿಕೊಂಡಿದೆ. ನಂತರ ವಾಲ್ವ್ ಮುಚ್ಚಿ ಎರಡು ನಿಮಿಷ ಕಾಯಲಿ. ಮುಳ್ಳು ಇಳಿದರೆ ಎಲ್ಲೋ ಲೀಕ್ ಇದೆ, ಹೆಚ್ಚಾಗಿ ಓ ರಿಂಗ್ ಎಂಬ ರಬ್ಬರ್ ಬಳೆ ಸವೆದಿರುತ್ತದೆ.

ಬೋಟಿನಲ್ಲಿ ಆಕ್ಸಿಜನ್ ಕಿಟ್ ಇರಲೇಬೇಕು. "ಇದೆ" ಎಂಬ ಮಾತು ಸಾಲದು, ತೆರೆದು ತೋರಿಸಲಿ. ಮಾಸ್ಕ್ ಇದೆಯೇ, ಸಿಲಿಂಡರ್ ತೆರೆಯುವ ಕೀಲಿ ಅದರಲ್ಲೇ ಕಟ್ಟಿದೆಯೇ, ಗೇಜಿನ ಮುಳ್ಳು ತುಂಬಿದೆ ಎನ್ನುತ್ತದೆಯೇ ನೋಡಿ.

ಪ್ರಶ್ನೆ (ಮಂಜೇಶ್ವರದಿಂದ): ನೇತ್ರಾಣಿಯಲ್ಲಿ ಭಾನುವಾರ ಮಧ್ಯಾಹ್ನ ಡೈವ್ ಮುಗಿಸಿ ಅದೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬಹುದಾ ಅಣ್ಣಾ? ವಿಮಾನ ಹತ್ತುವುದಿಲ್ಲವಲ್ಲ.

ಉತ್ತರ: ಬೇಡ. ಡೈವ್ ಆದ ಮೇಲೆ ವಿಮಾನ ಹತ್ತಲು ಕಾಯಬೇಕಾದ ಅವಧಿ 2,000 ಅಡಿಗಿಂತ ಮೇಲೆ ಹೋಗುವ ಯಾರಿಗೂ ಅನ್ವಯ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಡೈವ್ ಮಾಡಿದ ಮೇಲೆ ಮೈಯಲ್ಲಿ ಸಾರಜನಕ ಕರಗಿ ಉಳಿದಿರುತ್ತದೆ. ಘಟ್ಟ ಹತ್ತುವಾಗ ಗಾಳಿಯ ಒತ್ತಡ ಇಳಿದು ಅದು ಗುಳ್ಳೆಯಾಗಬಹುದು. ಆಗ ಕೀಲುನೋವು, ಜೋಮು ಶುರುವಾಗುತ್ತದೆ. ಒಂದೇ ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಎರಡು ದಿನ ಸತತ ಮಾಡಿದರೆ ಕನಿಷ್ಠ 18 ಗಂಟೆ ಕಾಯಲೇಬೇಕು. ಇದನ್ನು ತಾನಾಗಿಯೇ ಹೇಳದೆ ಭಾನುವಾರ ರಾತ್ರಿಯ ಬಸ್ ಬುಕ್ ಮಾಡುವ ಶಾಪ್ ಸರಿಯಿಲ್ಲ. ನಮ್ಮ ಕಾಸರಗೋಡಿನ ಕಡೆಯವರಿಗೆ ಒಂದು ಅನುಕೂಲ ಇದೆ. ಮುರ್ಡೇಶ್ವರದಿಂದ ರೈಲಿನಲ್ಲೋ ಹೆದ್ದಾರಿ 66ರಲ್ಲೋ ಮನೆಗೆ ಬಂದರೆ ದಾರಿಯುದ್ದಕ್ಕೂ ಸಮುದ್ರ ಮಟ್ಟವೇ. ಮನೆಯಲ್ಲಿ ಮಲಗಿ ಸೋಮವಾರ ಮಧ್ಯಾಹ್ನದ ನಂತರ ಘಟ್ಟ ಹತ್ತಿದರಾಯಿತು.

ಪ್ರಶ್ನೆ (ನೀರ್ಚಾಲಿನಿಂದ): ನಾನು ಈಜು ಕಲಿತದ್ದು ತೋಟದ ಕೆರೆಯಲ್ಲಿ. ಸ್ಟೈಲ್ ಏನೂ ಗೊತ್ತಿಲ್ಲ. ಸಾಕಾ?

ಉತ್ತರ: ಸಾಕು. ನಿಲ್ಲದೆ 200 ಮೀಟರ್ ಈಜಬೇಕು, ಸಮಯದ ಮಿತಿ ಇಲ್ಲ, ಯಾವ ರೀತಿಯಲ್ಲಾದರೂ ಸರಿ. ಮತ್ತೆ 10 ನಿಮಿಷ ತೇಲಿಕೊಂಡಿರಬೇಕು. ಕೆರೆ ಉದ್ದ 20 ಮೀಟರ್ ಇದ್ದರೆ ಹತ್ತು ಸಲ ದಾಟಿ ನೋಡಿ.

ಪ್ರಶ್ನೆ (ಕುಂಬಳೆಯಿಂದ): ತಮ್ಮನಿಗೆ ರಜೆ ಸಿಗುವುದು ಜೂನಿನಲ್ಲಿ. ಆಗ ಮಾಡಬಹುದಾ?

ಉತ್ತರ: ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ನೇತ್ರಾಣಿಯ ಬೋಟುಗಳೂ ನಿಲ್ಲುತ್ತವೆ. ಮತ್ತೆ ಶುರುವಾಗುವುದು ಅಕ್ಟೋಬರಿನ ಸುಮಾರಿಗೆ. ಜೂನಿನಲ್ಲಿ ಬೆಂಗಳೂರಿನಲ್ಲೇ ಥಿಯರಿ, ಈಜುಕೊಳದ ಪಾಠ ಮುಗಿಸಿ ರೆಫರಲ್ ಫಾರ್ಮ್ ಬರೆಸಿಕೊಳ್ಳಲಿ. ಅದು 12 ತಿಂಗಳು ನಡೆಯುತ್ತದೆ, ಸಮುದ್ರದ 4 ಡೈವ್‌ಗಳನ್ನು ಬೇರೆ ಶಾಪಿನಲ್ಲೂ ಮಾಡಬಹುದು. ರೆಫರಲ್ ಕೊಡುತ್ತೀರಾ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಲಿ.