ಬಯಾಪ್ಸಿ ಮಾಡುವ ವೈದ್ಯರ ತರಬೇತಿಯ ಬಗ್ಗೆ ಕೇಳಬಹುದೇ?

ಪ್ರಶ್ನೆ:
ಅಪ್ಪನ ಯಕೃತ್ತಿನಲ್ಲಿ ಗಂಟು ಕಾಣಿಸಿದೆ. ಮುಂದಿನ ವಾರ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ಬಯಾಪ್ಸಿ (ಪರೀಕ್ಷೆಗೆಂದು ಅಂಗಾಂಶದ ಚೂರು) ತೆಗೆಯುತ್ತಾರಂತೆ. ಮಾಡುವವರಿಗೆ ಇದರಲ್ಲೇ ತರಬೇತಿ ಆಗಿದೆಯೇ ಎಂದು ಕೇಳಲು ಸಂಕೋಚ. ಕೇಳಿದರೆ ತಪ್ಪಾಗುತ್ತದೆಯೇ?

ಉತ್ತರ 1:
ಖಂಡಿತ ಕೇಳಿ. ನಾನು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರ ನೋಡುತ್ತ ಸೂಜಿ, ನಳಿಕೆಗಳಿಂದ ಚಿಕಿತ್ಸೆ ಮಾಡುವ ವೈದ್ಯ. ಚಿತ್ರ ಓದಲು ಬರುವುದು ಬೇರೆ, ಚಿತ್ರ ನೋಡುತ್ತ ಕೈ ನಡೆಸುವುದು ಬೇರೆ. ಅಲ್ಟ್ರಾಸೌಂಡ್ ದೇಹದ ಒಂದು ತೆಳುವಾದ ಸೀಳನ್ನಷ್ಟೇ ತೋರಿಸುತ್ತದೆ. ಸೂಜಿ ಅದರಿಂದ ಕೊಂಚ ಪಕ್ಕಕ್ಕೆ ಸರಿದರೂ ಮೊನೆ ಪರದೆಯಿಂದ ಮಾಯ. ಕಲಿಯುವಾಗ ನಾನು ಸೂಜಿಯ ನಡುಭಾಗವನ್ನೇ ಮೊನೆ ಎಂದುಕೊಂಡು ಇನ್ನೂ ಒಳಕ್ಕೆ ಒತ್ತಲು ಹೊರಟಿದ್ದೆ. ಗುರುಗಳು ಮಣಿಕಟ್ಟು ಹಿಡಿದು ನಿಲ್ಲಿಸಿದರು. ಪುಣ್ಯಕ್ಕೆ ಅದು ಅಭ್ಯಾಸದ ಜೆಲ್ ಮಾದರಿ. ಆ ಹಿಡಿತ ಇಂದಿಗೂ ನೆನಪಿದೆ. ಹಾಗಾಗಿ ಎಷ್ಟು ಮಾಡಿದ್ದಾರೆ ಎಂಬ ಲಾಗ್‌ಬುಕ್ ಲೆಕ್ಕವೊಂದೇ ಸಾಲದು. ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ನೋಡಿ ಒಪ್ಪಿರಬೇಕು. ‘ಇದನ್ನು ಎಷ್ಟು ಸಲ ಮಾಡಿದ್ದೀರಿ, ರಕ್ತಸ್ರಾವವಾದರೆ ಏನು ಮಾಡುತ್ತೀರಿ?’ ಎಂದು ನೇರವಾಗಿ ಕೇಳಿ.

ಉತ್ತರ 2:
ನಾನು ಕ್ಯಾಥ್‌ಲ್ಯಾಬ್ (ಎಕ್ಸ್‌ರೇ ನೋಡುತ್ತ ಹೃದಯ, ರಕ್ತನಾಳಗಳಿಗೆ ಚಿಕಿತ್ಸೆ ಮಾಡುವ ಕೋಣೆ) ತಂತ್ರಜ್ಞೆ. ನಿಮ್ಮ ತಂದೆಯ ಪರೀಕ್ಷೆಗೆ ವಿಕಿರಣದ ಚಿಂತೆಯಿಲ್ಲ. ಆದರೆ ಎಕ್ಸ್‌ರೇ ಬಳಸುವ ಚಿಕಿತ್ಸೆಗಳಲ್ಲಿ ಕಿರಣ ಹಾಯಿಸುವ ಪೆಡಲಿನಿಂದ ಬೇಡದಾಗ ಕಾಲು ತೆಗೆಯುವುದನ್ನೂ ಕಲಿಸಬೇಕು. ಅಂತರರಾಷ್ಟ್ರೀಯ ಶಿಫಾರಸಿನಂತೆ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಪ್ರಮಾಣದ ಅಳತೆ) ಮಿತಿಯಿದೆ. ರೋಗಿಗೆ ಅಂಥ ಮಿತಿಯಿಲ್ಲ. ಅವರನ್ನು ಕಾಯುವುದು ವೈದ್ಯರ ವಿವೇಕವೇ.

ಪ್ರಶ್ನೆ ಕೇಳಿದವರು:
ಇವತ್ತೇ ಕೇಳುತ್ತೇನೆ. ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ, ಅದನ್ನೂ ಹೇಳಬೇಕೇ?

ಉತ್ತರ 1:
ಮೊದಲು ಅದನ್ನೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.