ಸಹಾಯ ಬೇಕು: ಕಾರ್ಡ್ ಆಟದಲ್ಲಿ ಇಬ್ಬರ ಜಗಳ, ನಡುವೆ ನಾನು

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ವಾರಕ್ಕೊಮ್ಮೆ ಸೇರಿ ಮ್ಯಾಜಿಕ್ ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದ ಕಮಾಂಡರ್ ಅನ್ನೋ ಬಗೆ ಆಡುತ್ತೇವೆ. ಅವರವರೇ ಆರಿಸಿ ಜೋಡಿಸಿದ 100 ಕಾರ್ಡಿನ ಡೆಕ್ (ಕಟ್ಟು), ತಲಾ 40 ಲೈಫ್. ಬಹುಮಾನ ಗಿಹುಮಾನ ಏನೂ ಇಲ್ಲ, ಸುಮ್ನೆ ಖುಷಿಗೆ.

ಒಬ್ಬನ ಡೆಕ್ ವಿಪರೀತ ಜೋರು. ಎರಡು ಕಾರ್ಡ್ ಜೋಡಿಸಿ ಮೂವರನ್ನೂ ಒಂದೇ ಸಲಕ್ಕೆ ಮುಗಿಸುತ್ತಾನೆ. ಇನ್ನೊಬ್ಬನಿಗೆ ಅದೇ ಸಿಟ್ಟು. ತಾನು ಸೋತರೂ ಪರವಾಗಿಲ್ಲ, ಮೊದಲ ಸುತ್ತಿನಿಂದ ಅವನ ಮೇಲೇ ಬೀಳುತ್ತಾನೆ.

ಕಳೆದ ವಾರ ಸತತ ಮೂರನೇ ಕೌಂಟರ್‌ಸ್ಪೆಲ್ (ಎದುರಾಳಿ ಆಡಿದ ಕಾರ್ಡನ್ನು ರದ್ದು ಮಾಡುವ ಕಾರ್ಡ್) ಬಿದ್ದಾಗ ಮೊದಲನೆಯವನು, "ನಿನಗೆ ನನ್ನ ಬಿಟ್ಟು ಬೇರೆ ಯಾರೂ ಕಾಣಲ್ವಾ?" ಅಂತ ಕೈಯಲ್ಲಿದ್ದ ಕಾರ್ಡುಗಳನ್ನು ಮೇಜಿಗೆ ಬಡಿದ. ಒಂದು ಜಾರಿ ನನ್ನ ತೊಡೆ ಮೇಲೆ ಬಿತ್ತು. ವಾಪಸ್ ಕೊಡಲೋ ಬೇಡವೋ ಗೊತ್ತಾಗದೆ ಅದನ್ನೇ ಹಿಡಿದು ಕೂತಿದ್ದೆ. ಯಾರೂ ಮಾತಾಡಲಿಲ್ಲ. ಈಗ ನಮ್ಮ ವಾಟ್ಸಾಪ್ ಗುಂಪೂ ತಣ್ಣಗಾಗಿದೆ.

ಡೆಕ್‌ಗಳ ಬಲ ಮೊದಲೇ ಹೇಳಿಕೊಂಡು ಆಡೋಣ ಅಂತ 2025ರಲ್ಲಿ ಬಂದ ಬ್ರಾಕೆಟ್ ಪದ್ಧತಿಯನ್ನು ಹಿಂದೆಯೇ ತೋರಿಸಿದ್ದೆ. ಒಂದರಿಂದ ಐದರವರೆಗೆ ಇದೆ, ಸಂಖ್ಯೆ ಹೆಚ್ಚಿದಷ್ಟೂ ಡೆಕ್ ಜೋರು. ಜೋರು ಡೆಕ್‌ನವನು ತನ್ನದು ಎರಡು ಅಂದ! ಎರಡರಲ್ಲಿ ಎರಡೇ ಕಾರ್ಡಿನ ಇನ್ಫಿನಿಟ್ ಕಾಂಬೋ (ಕೊನೆಯಿಲ್ಲದೆ ಮರುಕಳಿಸುವ ಜೋಡಿ) ಇರಬಾರದು ಮಾರಾಯ ಅಂದರೆ, "ಸೋತವರು ಹೇಳೋ ಮಾತು" ಅಂತ ನಕ್ಕ. ತಪ್ಪು ಅಲ್ಲಿಂದಲೇ ಶುರುವಾಯಿತು ಅನ್ನಿಸುತ್ತದೆ. ಹಾಗಂತ ಇನ್ನೊಬ್ಬನ ಹಟವೂ ಸರಿಯಿಲ್ಲ, ಅಲ್ವಾ?

ಇಬ್ಬರೂ ನನ್ನ ಹಳೇ ಸ್ನೇಹಿತರು. ಬೇರೆಬೇರೆಯಾಗಿ ಮಾತಾಡಿಸಲೋ, ಎದುರುಬದುರು ಕೂರಿಸಲೋ? ಸ್ವಲ್ಪ ದಿನ ಎಲ್ಲರೂ ಅಂಗಡಿಯ ರೆಡಿಮೇಡ್ ಡೆಕ್‌ಗಳಲ್ಲೇ ಆಡಿದರೆ ತಣ್ಣಗಾಗಬಹುದಾ? ಇಂಥದ್ದನ್ನು ನಿಭಾಯಿಸಿದವರು ಇದ್ದರೆ ದಯವಿಟ್ಟು ಹೇಳಿ. ಶನಿವಾರ ಮತ್ತೆ ಆಟ ಇದೆ.