ಮರಳಿಲ್ಲದ ಮರಳುಗಾಡು: ಜಿಬೂಟಿಗೆ ಯಾವ ಪದ?

ಮಕ್ಕಳಿಗಾಗಿ ಆಫ್ರಿಕಾದ ದೇಶಗಳ ಬಗ್ಗೆ ಪುಟ್ಟ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ, ಜಿಬೂಟಿ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಮೊದಲ ಸಾಲು ಹೀಗಿತ್ತು: "ಜಿಬೂಟಿ ಕೆಂಪು ಸಮುದ್ರದ ಬಾಗಿಲಲ್ಲಿರುವ ಪುಟ್ಟ ಮರಳುಗಾಡಿನ ದೇಶ. ಬಂದರು ನಗರವಾದ ಅದರ ರಾಜಧಾನಿಯ ಹೆಸರೂ ಜಿಬೂಟಿಯೇ." ಬರೆದಾದ ಮೇಲೆ ಸುಮ್ನೆ ಅಲ್ಲಿನ ಫೋಟೊ ನೋಡಿದರೆ ಮರಳ ದಿಬ್ಬ ಒಂದೂ ಇಲ್ಲ! ಎಲ್ಲಿ ನೋಡಿದರೂ ಕಪ್ಪು ಲಾವಾ ಕಲ್ಲು, ಅಲ್ಲಲ್ಲಿ ಒಣಗಿದ ಮುಳ್ಳುಗಿಡ. ಅಸ್ಸಾಲ್ ಸರೋವರದ ದಡದಲ್ಲಿ ಮಾತ್ರ ಬೆಳ್ಳಗೆ ಹೆಪ್ಪುಗಟ್ಟಿದ ಉಪ್ಪು. ಅದು ಸಮುದ್ರಮಟ್ಟಕ್ಕಿಂತ ಸುಮಾರು 155 ಮೀಟರ್ ಕೆಳಗಿದೆ, ಅಫಾರ್ ಜನ ಆ ಉಪ್ಪನ್ನು ಒಂಟೆಗಳ ಮೇಲೆ ಹೇರಿಕೊಂಡು ಇಥಿಯೋಪಿಯಾಕ್ಕೆ ಒಯ್ಯುತ್ತಿದ್ದರು. ಸರೋವರದ ಹತ್ತಿರವೇ 1978ರಲ್ಲಿ ಆರ್ದುಕೋಬಾ ಜ್ವಾಲಾಮುಖಿ ಬಾಯಿಬಿಟ್ಟು ಹೊಸ ಲಾವಾ ಹರಿದಿತ್ತು. ಇದನ್ನು ಮರಳುಗಾಡು ಅನ್ನೋದು ಹೇಗೆ?

ಹಾಗಾದರೆ ಮರುಭೂಮಿ? ಇದರಲ್ಲಿರುವ 'ಮರು' ಸಂಸ್ಕೃತದ್ದು, ನೀರಿಲ್ಲದ ನೆಲ ಅಂತ ಅರ್ಥ. ಮರಳಿಗೂ ಅದಕ್ಕೂ ನಂಟಿಲ್ಲ. ನಾನೂ ಬಹಳ ವರ್ಷ ಮರಳಿನಿಂದಲೇ ಬಂದಿದ್ದು ಅಂದುಕೊಂಡಿದ್ದೆ. ನಮ್ಮನೆ ಹುಡುಗನಂತೂ "ಮರುದಿನದ ಥರ ಇನ್ನೊಂದು ಭೂಮಿನಾ?" ಅಂತ ಕೇಳಿದ. ಅರ್ಥ ಸರಿ, ಆದರೆ ಕಿವಿ ದಾರಿ ತಪ್ಪಿಸುತ್ತೆ.

ನನಗೆ ಇಷ್ಟವಾಗಿದ್ದು ಬೆಂಗಾಡು. ಬೆಂದ ಕಾಡು. ಹಳಗನ್ನಡದಲ್ಲಿ ಬಿಸಿನೀರಿಗೆ ಬೆನ್ನೀರ್, ಸೂರ್ಯನಿಗೆ ಬೆಂಗದಿರ ಅಂತಿದ್ದರಲ್ಲ, ಅದೇ 'ಬೆಂ'. ಇಲ್ಲಿ ಕಾಡು ಅಂದ ಮಾತ್ರಕ್ಕೆ ಮರ ಇರಲೇಬೇಕಿಲ್ಲ, ಸುಡುಗಾಡಿನಲ್ಲೂ ಕಾಡಿದೆ ಅಲ್ವಾ? ಲಾವಾದಲ್ಲಿ ನಿಜವಾಗಿಯೂ ಬೆಂದ ನೆಲಕ್ಕೆ ಇದಕ್ಕಿಂತ ಒಪ್ಪುವ ಪದ ನನಗಂತೂ ಸಿಗಲಿಲ್ಲ. ತೊಡಕು ಏನಂದರೆ, ಈಗ ಬೆಂಗಾಡು ಅಂದರೆ ಬೆಳೆ ಬಾರದ ಬರದ ಸೀಮೆ ಅನ್ನೋ ಅರ್ಥವೇ ಜಾಸ್ತಿ.

ಹೆಸರಿನ ಬಗ್ಗೆಯೂ ಒಂದು ಮಾತು. 'ಡಿಜಿಬೌಟಿ' ಅಂತ ಬರೆಯುವವರಿದ್ದಾರೆ, ಅದು ತಪ್ಪು. ಫ್ರೆಂಚರ ಜೆ ಅಕ್ಷರಕ್ಕೆ ನಮ್ಮ ಜಕಾರದ ಸದ್ದಿಲ್ಲ, ಅದಕ್ಕೇ ಜೆಗೆ ಮೊದಲು ಒಂದು ಡಿ ಸೇರಿಸಿ Djibouti ಅಂತ ಬರೆದರು. 1977ರವರೆಗೆ ಅಲ್ಲಿ ಅವರದೇ ಆಳ್ವಿಕೆ, ಹಾಗಾಗಿ ಆ ಕಾಗುಣಿತವೇ ಉಳಿಯಿತು. ನಿಜ ಹೇಳಬೇಕಂದರೆ ಕೊನೆಯ ಅಕ್ಷರವೂ ಟಿ ಅಲ್ಲ, ಅರಬ್ಬಿಯಲ್ಲೂ ಫ್ರೆಂಚಿನಲ್ಲೂ ತಿ. ಆದರೆ 2015ರಲ್ಲಿ ಯೆಮನ್ ಯುದ್ಧದಿಂದ ಭಾರತೀಯರನ್ನು ನೌಕಾಪಡೆಯ ಹಡಗುಗಳಲ್ಲಿ ಅಲ್ಲಿಗೆ ಕರೆತಂದಾಗ ನಾವೆಲ್ಲ ಓದಿದ್ದು ಟಿ ಅಂತಲೇ, ಈಗ ಬದಲಾಯಿಸಹೊರಟರೆ ಗೊಂದಲವೇ ಜಾಸ್ತಿ. ಹಾಗಾಗಿ ದೇಶಕ್ಕೆ ಜಿಬೂಟಿ, ಊರಿಗೆ ಜಿಬೂಟಿ ನಗರ ಅಂತ ಇಟ್ಟುಕೊಂಡಿದ್ದೇನೆ.

ಉಳಿದಿದ್ದು ಬೆಂಗಾಡು. ನಿಮ್ಮ ಕಡೆ ಈ ಪದವನ್ನು ಮಾತಿನಲ್ಲಿ ಈಗಲೂ ಬಳಸುತ್ತಾರಾ? ಬಳಸಿದರೆ ಎಂಥ ನೆಲಕ್ಕೆ? ಕಲ್ಲು ನೆಲಕ್ಕೇ ಅಂತ ಬೇರೆ ಪದ ಇದ್ದರೂ ಹೇಳಿ.